ಗೊತ್ತುಗುರಿಯಿಲ್ಲದವರ ಚಿತ್ರ: ಒಂದು ಭಿನ್ನಾಭಿಪ್ರಾಯ

ಚಲಚ್ಚಿತ್ರವೆಂದ ಮೇಲೆ ಅದರಲ್ಲಿ ಕಥೆಯಿರಬೇಕು. ಕಥೆಯೆಂದ ಮೇಲೆ ಅದಕ್ಕೊಂದು ಗುರಿಯಿರಬೇಕು. ನಾಯಕನಾದವನು ಆ ಗುರಿಯತ್ತ ಸಾಗುತ್ತ, ಎದುರಾದ ವಿಘ್ನಗಳನ್ನೆಲ್ಲ ನಿವಾರಿಸಿಕೊಂಡು ಕೊನೆಗೆ ಗೆಲ್ಲಬೇಕು, ಇಲ್ಲವೇ ಸೋತು ನಮ್ಮ ಕಣ್ಣಲ್ಲಿ ನೀರು ತರಿಸಬೇಕು ಎಂಬುದು ನಮ್ಮಲ್ಲಿ ಬಹುಜನರು ಒಪ್ಪಿಕೊಂಡು ಬಂದಿರುವ ಮಾತು. ಈ ಅಳತೆಗೋಲಿನಿಂದ ಅಳೆದರೆ, ಜಿಮ್ ಜಾರ್ಮುಶ್ ಎಂಬ ಅಮೆರಿಕನ್ ನಿರ್ದೇಶಕನು 1984ರಲ್ಲಿ ತೆರೆಗೆ ತಂದ ‘ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್’ ಎಂಬುದು ಚಲಚ್ಚಿತ್ರವೇ ಅಲ್ಲ. ಅದರಲ್ಲಿ ಮೂವರಿದ್ದಾರೆ. ಮೂವರಿಗೂ ಮಾಡುವುದಕ್ಕೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಒಂದು ಊರಿನಲ್ಲಿ ಕುಳಿತಿರುತ್ತಾರೆ. ಬೇಸರವಾದಾಗ ಇನ್ನೊಂದು ಊರಿಗೆ ಹೋಗಿ ಅಲ್ಲಿ ಕುಳಿತುಕೊಳ್ಳುತ್ತಾರೆ. ಬಣ್ಣವಿಲ್ಲ, ಹೊಡೆದಾಟವಿಲ್ಲ, ಪ್ರೇಮವೆಂದು ಖಂಡಿತವಾಗಿ ಹೆಸರಿಸಬಹುದಾದ ವಸ್ತುವೂ ಇಲ್ಲ. ಮತ್ತೆ ಮತ್ತೆ ಕೇಳಿಬರುವ ಹಾಡು ಒಂದೇ. ಅದೂ ಒಂದು ಹಳೆಯ ಟೇಪ್ ರಿಕಾರ್ಡರಿನಿಂದ.

ಈ ವರ್ಷ ನಮ್ಮ ಕಾಲೇಜಿನಲ್ಲಿ ಈ ಚಿತ್ರವನ್ನು ತೋರಿಸಿದಾಗ ಮೊದಲ ಅರ್ಧ ಗಂಟೆಯೊಳಗೆ ಹಿಂದಿನ ಎರಡು ಸಾಲುಗಳು ಖಾಲಿಯಾದುದನ್ನು ಅಲ್ಲಿದ್ದವರೆಲ್ಲರೂ ಬಲ್ಲರು. ಉಳಿದವರಲ್ಲಿಯೂ ಎರಡು ಪಕ್ಷಗಳಾದವು. ಒಂದು ಪಕ್ಷದವರು ಇದನ್ನು ನಿದ್ರೆಗೆ ಮದ್ದೆಂದು ಕರೆದು, ಮರುದಿನ ಕ್ಯಾಂಟೀನಿನಲ್ಲಿ ಆ ಮೂವರಂತೆ ಸುಮ್ಮನೆ ಕುಳಿತು ಅಣಕವಾಡಿದರು. ಇನ್ನೊಂದು ಪಕ್ಷಕ್ಕೆ ನಮ್ಮ ಅಧ್ಯಾಪಕರೊಬ್ಬರೇ ಮುಖಂಡರು. ಚಿತ್ರ ಮುಗಿದ ಮೇಲೆ ಅವರು ಮಾತನಾಡುತ್ತ, ಇದು ಸ್ವಾತಂತ್ರ್ಯದ ಚಿತ್ರ, ಮನೆ ಉದ್ಯೋಗ ಸಂಸಾರಗಳೆಂಬ ಬಂಧನಗಳನ್ನು ಕಳಚಿಕೊಂಡು ಹಾದಿಗಿಳಿದವರ ಚಿತ್ರ, ಗುರಿಯಿಲ್ಲದಿರುವುದೇ ಇಲ್ಲಿ ಗುರಿ ಎಂದು ಸೊಗಸಾಗಿ ವಿವರಿಸಿದರು. ಹಲವು ಮಿತ್ರರು ತಲೆದೂಗಿದರು. ಅಧ್ಯಾಪಕರ ವಿದ್ವತ್ತಿನಲ್ಲಿ ನನಗಿರುವ ಗೌರವಕ್ಕೆ ಯಾವ ಕುಂದೂ ಇಲ್ಲ. ಆದರೂ ಈ ಎರಡು ಅಭಿಪ್ರಾಯಗಳಲ್ಲಿ ಒಂದನ್ನೂ ಒಪ್ಪಲಾರದೆ, ನನಗೆ ಕಂಡದ್ದನ್ನು ಈ ಪುಟಗಳಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಚಿತ್ರ ಹುಟ್ಟಿಬಂದ ಬಗೆಯನ್ನು ಮೊದಲು ಹೇಳುತ್ತೇನೆ. ಕಡಿಮೆ ಹಣದಲ್ಲಿ ಓದುವ ನಮ್ಮಂಥವರಿಗೆ ಅದೇ ಒಂದು ಸ್ವಾರಸ್ಯ. ಜಾರ್ಮುಶ್ ಹುಟ್ಟಿದ್ದು 1953ರಲ್ಲಿ, ಓಹಾಯೊ ಸಂಸ್ಥಾನದ ಆಕ್ರನ್ ಸೀಮೆಯಲ್ಲಿ. ನ್ಯೂಯಾರ್ಕಿನಲ್ಲಿ ಚಲಚ್ಚಿತ್ರ ವಿದ್ಯೆಯನ್ನು ಕಲಿಯುತ್ತಿದ್ದಾಗ, ಶುಲ್ಕಕ್ಕೆಂದು ಕೈಗೆ ಬಂದ ವಿದ್ಯಾರ್ಥಿವೇತನವನ್ನು ತನ್ನ ಮೊದಲ ಚಿತ್ರದ ಖರ್ಚಿಗೆ ಸುರಿದನಂತೆ. 1980ರ ‘ಪರ್ಮನೆಂಟ್ ವೆಕೇಶನ್’ ಆ ಹಣದಲ್ಲಿ ಆದದ್ದು. (ನಮ್ಮ ವಿದ್ಯಾರ್ಥಿವೇತನವು ವರ್ಷದ ಕೊನೆಯ ಪರೀಕ್ಷೆ ಮುಗಿದ ಮೇಲೆ ಬರುವುದರಿಂದ ನಮಗೆ ಇಂಥ ಪ್ರಲೋಭನೆಗೆ ಅವಕಾಶವಿಲ್ಲ.) ಆ ಬಳಿಕ ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್ ತನ್ನ ಚಿತ್ರವೊಂದಕ್ಕೆ ಬಳಸಿ ಉಳಿದಿದ್ದ ಕಪ್ಪು ಬಿಳುಪು ಫಿಲ್ಮನ್ನು ಈತನಿಗೆ ಕೊಟ್ಟನು. ಆ ಉಳಿಕೆಯಲ್ಲಿಯೇ ಕೆಲವೇ ದಿನಗಳಲ್ಲಿ ಅರ್ಧ ಗಂಟೆಯ ಒಂದು ಕಿರುಚಿತ್ರವಾಯಿತು. ಅದನ್ನು ಮೆಚ್ಚಿದವರಿಂದ ಹಣ ಕೂಡಿಸಿ ಇನ್ನೆರಡು ಭಾಗಗಳನ್ನು ಸೇರಿಸಿದಾಗ 89 ನಿಮಿಷಗಳ ಈ ಚಿತ್ರವಾಯಿತು. ಒಟ್ಟು ಖರ್ಚು ಒಂದು ಲಕ್ಷ ಡಾಲರಿಗಿಂತ ಕೊಂಚ ಹೆಚ್ಚು. ಹಾಲಿವುಡ್ಡಿನಲ್ಲಿ ಆ ಕಾಲಕ್ಕೆ ಅದು ಒಂದು ದೊಡ್ಡ ಚಿತ್ರದ ಊಟ ತಿಂಡಿಗೆ ಸಾಲುತ್ತಿತ್ತೋ ಇಲ್ಲವೋ! 1984ರಲ್ಲಿ ಕಾನ್ ಉತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ‘ಕಮೇರಾ ದೋರ್’ ಬಹುಮಾನವೂ, ಲೊಕಾರ್ನೊ ಉತ್ಸವದ ಚಿನ್ನದ ಚಿರತೆಯೂ ಇದಕ್ಕೆ ಬಂದವು. 2002ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಭಂಡಾರವು, ಕಾಪಿಟ್ಟುಕೊಳ್ಳಬೇಕಾದ ಚಿತ್ರಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಬಹುಮಾನಗಳಿಂದ ಚಿತ್ರವು ದೊಡ್ಡದಾಗುವುದಿಲ್ಲ. ಉಳಿಕೆ ಫಿಲ್ಮಿನಿಂದ ಹುಟ್ಟಿದ್ದೆಂಬುದನ್ನು ಮಾತ್ರ ವಾಚಕರು ನೆನಪಿಟ್ಟುಕೊಳ್ಳಬೇಕಾಗಿ ಕೋರುತ್ತೇನೆ.

ಏಕೆಂದರೆ ಚಿತ್ರದ ರೂಪಕ್ಕೂ ಈ ಕೊರತೆಗೂ ನಂಟಿದೆ. ಇಲ್ಲಿ ಒಂದೊಂದು ದೃಶ್ಯವೂ ಒಂದೇ ಪಟ್ಟಿನಲ್ಲಿ ಚಿತ್ರೀಕೃತವಾಗಿದೆ. ಕ್ಯಾಮೆರಾ ಒಂದು ಕಡೆ ನಿಂತು ನೋಡುತ್ತದೆ. ಹೆಚ್ಚೆಂದರೆ ಮೆಲ್ಲಗೆ ಕತ್ತು ತಿರುಗಿಸುತ್ತದೆ. ಮುಖವನ್ನು ಹತ್ತಿರಕ್ಕೆ ತಂದು ಇಗೋ ಇಲ್ಲಿ ದುಃಖವಿದೆ ನೋಡಿ ಎಂದು ತೋರಿಸುವ ಪದ್ಧತಿಯೇ ಇಲ್ಲ. ದೃಶ್ಯ ಮುಗಿದೊಡನೆ ತೆರೆ ಕೆಲವು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮತ್ತೆ ಮುಂದಿನ ದೃಶ್ಯ. ಸಭಾಂಗಣದಲ್ಲಿ ಮೊದಲ ಎರಡು ಮೂರು ಸಲ ಹೀಗಾದಾಗ ವಿದ್ಯುತ್ ಹೋಯಿತೆಂದು ಕೂಗಿದವರಿದ್ದರು. ನಮ್ಮ ಕಡೆಯ ಜನರಿಗೆ ಅದು ಸಹಜವಾದ ಊಹೆಯೇ ಸರಿ. ಸ್ವಲ್ಪ ಹೊತ್ತಿನ ಮೇಲೆ ಆ ಕತ್ತಲೆಗೆ ಕಣ್ಣು ಹೊಂದಿಕೊಂಡಿತು. ಪ್ರತಿ ಕತ್ತಲೆಯೂ, ಇಷ್ಟು ಹೊತ್ತು ಕಂಡದ್ದೇನು ಎಂದು ಕೇಳಿ ಹೋಗುವಂತಿತ್ತು. ಛಾಯಾಗ್ರಾಹಕ ಟಾಮ್ ಡಿಚಿಲೊ ತೋರಿಸಿರುವ ಬಿಳುಪೂ ಕಪ್ಪೂ ಚೆಲುವಿಗಾಗಿ ಬಳಿದವಲ್ಲ. ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯ ಹಾಗೆ ಅವು ಸುಮ್ಮನೆ ಇರುತ್ತವೆ.

ಇನ್ನು ಕಥೆ. ವಿಲಿ ಎಂಬವನು ನ್ಯೂಯಾರ್ಕಿನ ಒಂದು ಕೊಠಡಿಯಲ್ಲಿ ವಾಸವಾಗಿದ್ದಾನೆ. ಇಸ್ಪೀಟು, ಕುದುರೆ ಜೂಜು, ಟೆಲಿವಿಷನ್, ಸಿಗರೇಟು; ಇವು ಅವನ ದಿನಚರಿ. ಒಂದು ದಿನ ಕ್ಲೀವ್‌ಲೆಂಡಿನಲ್ಲಿರುವ ಅವನ ಅತ್ತೆ ಲಾಟೆ ದೂರವಾಣಿಯಲ್ಲಿ ಮಾತನಾಡುತ್ತಾಳೆ. ಬುಡಾಪೆಸ್ಟಿನಿಂದ ಬರುತ್ತಿರುವ ಈವಾ ಎಂಬ ನಂಟಸ್ತಿಕೆಯ ಹುಡುಗಿಯನ್ನು, ತಾನು ಆಸ್ಪತ್ರೆಯಿಂದ ಬರುವವರೆಗೆ ಹತ್ತು ದಿನ ಇಟ್ಟುಕೊಳ್ಳಬೇಕೆಂದು ಕೇಳುತ್ತಾಳೆ. ವಿಲಿ ಗೊಣಗುತ್ತ ಒಪ್ಪುತ್ತಾನೆ. ಈವಾ ಬರುತ್ತಾಳೆ, ಇರುತ್ತಾಳೆ, ಹೋಗುತ್ತಾಳೆ. ಒಂದು ವರ್ಷ ಕಳೆದ ಮೇಲೆ ವಿಲಿ ಮತ್ತು ಅವನ ಗೆಳೆಯ ಎಡ್ಡಿ ಇಸ್ಪೀಟಿನಲ್ಲಿ ಮೋಸಮಾಡಿ ಸುಮಾರು 600 ಡಾಲರು ಗಳಿಸಿ, ಎರವಲು ಕಾರಿನಲ್ಲಿ ಕ್ಲೀವ್‌ಲೆಂಡಿಗೆ ಹೋಗುತ್ತಾರೆ. ಅಲ್ಲಿ ಹಿಮ, ಮಾಡಲು ಕೆಲಸವಿಲ್ಲ. ಅಲ್ಲಿಂದ ಈವಾಳನ್ನೂ ಕೂರಿಸಿಕೊಂಡು ಬಿಸಿಲಿನ ಊರಾದ ಫ್ಲೋರಿಡಾಕ್ಕೆ ಹೋಗುತ್ತಾರೆ. ಮೂರನೆಯ ಭಾಗಕ್ಕೆ ‘ಸ್ವರ್ಗ’ ಎಂದೇ ಹೆಸರಿಟ್ಟಿದೆ. ಆ ಸ್ವರ್ಗವು ಹೆದ್ದಾರಿಯ ಬದಿಯ ಒಂದು ಮೋಟೆಲು. ಇಬ್ಬರ ಬಾಡಿಗೆ ಕೊಟ್ಟು ಮೂವರು ಕಳ್ಳತನದಿಂದ ಒಳಸೇರಿದ ಒಂದು ಕೋಣೆ.

ಎಡ್ಡಿಯ ಪಾತ್ರದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಒಂದು ಸಂಗತಿಯಿದೆ. ಕ್ಲೀವ್‌ಲೆಂಡ್ ಎಷ್ಟು ಸುಂದರವಾದ ನಗರ, ಅಲ್ಲಿನ ಸರೋವರ ಎಷ್ಟು ದೊಡ್ಡದು ಎಂದು ಅವನು ಈವಾಳಿಗೆ ವರ್ಣಿಸುತ್ತಾನೆ. ನೀನು ಹೋಗಿದ್ದೀಯಾ ಎಂದು ಆಕೆ ಕೇಳಿದರೆ, ಇಲ್ಲ ಎನ್ನುತ್ತಾನೆ! ಮರುವರ್ಷ ಅವರು ಆ ಈರಿ ಸರೋವರವನ್ನು ನೋಡಲು ಹೋದಾಗ ಅದು ಹೆಪ್ಪುಗಟ್ಟಿದೆ. ನೆಲ, ನೀರು, ಆಕಾಶ ಮೂರೂ ಒಂದೇ ಬಿಳುಪು. ಮೂವರೂ ನಮಗೆ ಬೆನ್ನು ಹಾಕಿ ನಿಂತು ಏನನ್ನೂ ಕಾಣದ ಆ ಬಿಳುಪನ್ನು ನೋಡುತ್ತಾರೆ. ಹೊಸ ಊರಿಗೆ ಬಂದರೂ ಎಲ್ಲ ಹಳೆಯದರ ಹಾಗೆಯೇ ಕಾಣುತ್ತದಲ್ಲ ಎಂದು ಎಡ್ಡಿ ಬೇರೊಂದು ಕಡೆ ಆಶ್ಚರ್ಯಪಡುತ್ತಾನೆ. ಇದರಲ್ಲಿ ಸ್ವಾತಂತ್ರ್ಯದ ಆನಂದ ಎಲ್ಲಿದೆಯೆಂದು ನನಗೆ ತಿಳಿಯದು.

ನನ್ನ ಭಿನ್ನಾಭಿಪ್ರಾಯದ ಮೂಲಕ್ಕೆ ಈಗ ಬರುತ್ತೇನೆ. ಹಾದಿ ಎಂಬ ಮಾತಿಗೆ ನಾನು ಬೆಳೆದ ಊರಿನಲ್ಲಿ ಇರುವ ಅರ್ಥವೇ ಬೇರೆ. ನಮ್ಮದು ರಾಯಚೂರು ಸೀಮೆ. ಮಳೆ ಕೈಕೊಟ್ಟ ವರ್ಷ ಸುಗ್ಗಿಯೆಂಬುದು ಹೆಸರಿಗೆ ಮುಗಿಯುತ್ತಲೇ ಜನ ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳಿಗೆ ಮರಳು ಹೊರುತ್ತಾರೆ, ಗಾರೆ ಕಲಸುತ್ತಾರೆ. ನಮ್ಮ ತಂದೆತಾಯಿಗಳೂ ಹೋದವರೇ. ನಮ್ಮ ತಂದೆ ತಮ್ಮ ಹೆಸರನ್ನು ಬರೆಯಲು ಕಲಿತದ್ದು ನನ್ನ ಹೈಸ್ಕೂಲಿನ ಪ್ರಗತಿಪತ್ರಕ್ಕೆ ಸಹಿ ಬೇಕಾದಾಗ. ಹೆಬ್ಬೆಟ್ಟು ಒತ್ತಿದ ಪತ್ರವನ್ನು ಮಗ ಶಾಲೆಗೆ ಒಯ್ಯಬಾರದೆಂದು ಅವರೇ ಹಟ ಹಿಡಿದರು. ಇಂಥ ಮನೆಯಿಂದ ಬಂದವನಿಗೆ, ಎಂಟು ಹತ್ತು ದೃಶ್ಯಗಳ ತನಕ ಮಂಚದ ಮೇಲೆ ಬಿದ್ದುಕೊಂಡು ಸಿಗರೇಟು ಸೇದುವ ಗಟ್ಟಿಮುಟ್ಟಾದ ಆಳನ್ನು ಕಂಡಾಗ ರಸಾನುಭವಕ್ಕಿಂತ ಮೊದಲು ಸಿಟ್ಟು ಬಂದರೆ ಅದು ಅಸಹಜವಲ್ಲ. ಕೆಲಸ ಸಿಗದವನ ಬೇಸರ ಬೇರೆ, ಕೆಲಸ ಬೇಡದವನ ಬೇಸರ ಬೇರೆ. ಬಂಧನಗಳನ್ನು ಕಳಚಿಕೊಂಡವರು ಎಂದು ಇಂಥವರನ್ನು ಕೊಂಡಾಡುವಾಗ, ಅವರ ಊಟದ ಹಣ ಯಾರ ಜೇಬಿನಿಂದ ಬಂತು ಎಂದು ಕೇಳಬೇಡವೇ?

ನಿರ್ದೇಶಕನು ಈ ಪ್ರಶ್ನೆಯನ್ನು ಬಿಟ್ಟಿಲ್ಲ. ನಾನು ಈ ಚಿತ್ರದ ಕಡೆಗೆ ತಿರುಗಿದ್ದು ಅಲ್ಲಿಯೇ. ವಿಲಿ ಮತ್ತು ಎಡ್ಡಿ ಕ್ಲೀವ್‌ಲೆಂಡಿಗೆ ಹೊರಟಾಗ, ಚಳಿಯಲ್ಲಿ ಬಸ್ಸಿಗಾಗಿ ನಿಂತಿರುವ ಒಬ್ಬ ಮನುಷ್ಯನನ್ನು ಕಂಡು ಕಾರು ನಿಲ್ಲಿಸುತ್ತಾರೆ. ದಾರಿ ಕೇಳುವ ನೆಪದಲ್ಲಿ ಮಾತಿಗೆಳೆಯುತ್ತಾರೆ. ಆತನಿಗೆ ತಮಾಷೆ ಬೇಕಿಲ್ಲ. ತಾನು ಕೆಲಸಕ್ಕೆ ಹೊರಟಿದ್ದೇನೆ, ಕಾರ್ಖಾನೆಯಲ್ಲಿ ಕೆಲಸ ಎನ್ನುತ್ತಾನೆ. ಕಾರು ಮುಂದೆ ಹೋದ ಮೇಲೆ ವಿಲಿಯ ಮುಖ ಬಾಡುತ್ತದೆ. ಪಾಪ, ಕಾರ್ಖಾನೆಯಲ್ಲಿ ಕೆಲಸ ಮಾಡುವುದನ್ನು ಊಹಿಸಿಕೊಳ್ಳಬಲ್ಲೆಯಾ ಎಂದು ಗೆಳೆಯನನ್ನು ಕೇಳುತ್ತಾನೆ. ಇವನೂ ಊಹಿಸಲಾರ, ಅವನೂ ಊಹಿಸಲಾರ. ಇಷ್ಟೇ. ದೃಶ್ಯ ಒಂದು ನಿಮಿಷದ್ದಿರಬಹುದು. ಆ ಕಾರ್ಮಿಕನ ಹೆಸರು ನಮಗೆ ತಿಳಿಯುವುದಿಲ್ಲ, ಅವನು ಮತ್ತೆ ಬರುವುದೂ ಇಲ್ಲ. ಆದರೆ ಹಾದಿಯಲ್ಲಿ ನಿಂತವನೊಬ್ಬ, ಹಾದಿಯಲ್ಲಿ ಓಡುವವರಿಬ್ಬರು, ಇವರಲ್ಲಿ ಯಾರಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿದೆ ಎಂಬುದು ಆ ಒಂದು ನಿಮಿಷದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಚಿತ್ರವು ಸ್ವಾತಂತ್ರ್ಯದ ಸ್ತೋತ್ರವೇ ಆಗಿದ್ದರೆ ಈ ಮನುಷ್ಯನನ್ನು ಅಲ್ಲಿ ನಿಲ್ಲಿಸುವ ಅಗತ್ಯ ಏನಿತ್ತು?

ಹಣದ ವಿಷಯವೂ ಹಾಗೆಯೇ. ಇಷ್ಟು ಕಡಿಮೆ ಸಂಗತಿ ನಡೆಯುವ ಚಿತ್ರದಲ್ಲಿ ಹಣದ ಲೆಕ್ಕ ಮಾತ್ರ ಬಹಳ ಕಟ್ಟುನಿಟ್ಟು. ಎಷ್ಟು ಗೆದ್ದೆವು, ಎಷ್ಟು ಉಳಿಯಿತು, ಕೋಣೆಗೆ ಎಷ್ಟು ಕೊಡಬೇಕು ಎಂದು ಆಗಾಗ ಎಣಿಸುತ್ತಾರೆ. ಫ್ಲೋರಿಡಾದಲ್ಲಿ ನಾಯಿ ಓಟದ ಜೂಜಿನಲ್ಲಿ ಬಹುಪಾಲನ್ನು ಕಳೆದುಕೊಳ್ಳುತ್ತಾರೆ. (2018ರಲ್ಲಿ ಆ ಸಂಸ್ಥಾನದ ಮತದಾರರು ನಾಯಿ ಓಟದ ಜೂಜು ಬೇಡವೆಂದು ತೀರ್ಮಾನಿಸಿದರು, 2020ರ ಕೊನೆಗೆ ಅದು ನಿಂತಿತು. ನಾಯಿಗಳ ಮಟ್ಟಿಗೆ ಸ್ವಾತಂತ್ರ್ಯ ಬಂದಿತೆನ್ನಬಹುದು.) ಬಳಿಕ ಕುದುರೆ ಜೂಜಿನಲ್ಲಿ ಮರಳಿ ಗಳಿಸುತ್ತಾರೆ. ಎಡ್ಡಿ ಪತ್ರಿಕೆಯಿಂದ ಓದುವ ಕುದುರೆಗಳ ಹೆಸರುಗಳಲ್ಲಿ ಮೂರು, ಜಪಾನಿನ ಮಹಾನಿರ್ದೇಶಕ ಯಾಸುಜಿರೊ ಓಜುವಿನ ಚಿತ್ರಗಳ ಹೆಸರುಗಳು; ‘ಟೋಕಿಯೊ ಸ್ಟೋರಿ’ ಅವುಗಳಲ್ಲಿ ಒಂದು. ತಿಳಿದವರಿಗೆ ಇದು ನಗೆಯ ಮಾತು. ಆದರೆ 1953ರ ಆ ‘ಟೋಕಿಯೊ ಸ್ಟೋರಿ’ಯಲ್ಲಿ ಮುದುಕ ತಂದೆತಾಯಿಗಳು ನಗರ ಸೇರಿದ ಮಕ್ಕಳನ್ನು ನೋಡಲು ಬರುತ್ತಾರೆ, ಮಕ್ಕಳಿಗೆ ಅವರಿಗಾಗಿ ಪುರಸತ್ತಿಲ್ಲ. ಆ ಹೆಸರು ಇಲ್ಲಿ ಜೂಜಿನ ಕುದುರೆಯಾಗಿ ಓಡುವುದು ಬರಿಯ ಚಮತ್ಕಾರವೆಂದು ನನಗೆ ಅನ್ನಿಸಲಿಲ್ಲ.

ಏಕೆಂದರೆ ವಿಲಿಯ ಹೆಸರು ವಿಲಿಯಲ್ಲ; ಬೇಲಾ ಮೊಲ್ನಾರ್. ಹಂಗೇರಿಯಲ್ಲಿ ಹುಟ್ಟಿ ಹತ್ತು ವರ್ಷದ ಹಿಂದೆ ಅಮೆರಿಕೆಗೆ ಬಂದವನು. ಅತ್ತೆ ದೂರವಾಣಿಯಲ್ಲಿ ತನ್ನ ನುಡಿಯಲ್ಲಿ ಮಾತನಾಡಿದರೆ ಇಂಗ್ಲಿಷಿನಲ್ಲಿ ಹೇಳು ಎನ್ನುತ್ತಾನೆ. ಈವಾ ಬಾಗಿಲಿಗೆ ಬಂದು ನಿಂತೊಡನೆ ಅವಳಿಗೂ ಅದೇ ಕಟ್ಟಳೆ. ಜೊತೆಯಲ್ಲೇ ತಿರುಗುವ ಎಡ್ಡಿಗೆ ಕೂಡ, ಈವಾ ಬರುವ ತನಕ, ಇವನು ಹಂಗೇರಿಯವನೆಂದು ತಿಳಿದಿಲ್ಲ. ನೀನು ಅಮೆರಿಕದವನೆಂದೇ ತಿಳಿದಿದ್ದೆ ಎಂದರೆ, ನಿನ್ನಷ್ಟೇ ನಾನೂ ಅಮೆರಿಕದವನು ಎಂದು ಕೆರಳುತ್ತಾನೆ. ಕ್ಲೀವ್‌ಲೆಂಡ್ ಬುಡಾಪೆಸ್ಟಿನಂತಿದೆಯೇ ಎಂದು ಗೆಳೆಯ ಮುಗ್ಧವಾಗಿ ಕೇಳಿದರೆ ಅವನ ಬಾಯಿ ಮುಚ್ಚಿಸುತ್ತಾನೆ. ಮತ್ತೆ ಈವಾಳಿಗೆ ಅವನು ಕಲಿಸಹೊರಡುವ ಅಮೆರಿಕವಾದರೂ ಎಂಥದು? ತಗಡಿನ ತಟ್ಟೆಯಲ್ಲಿ ಬರುವ ಟೆಲಿವಿಷನ್ ಊಟ. ಈ ಮಾಂಸ ಯಾವುದರದು ಎಂದು ಆಕೆ ಕೇಳುತ್ತಾಳೆ. ಹಸುವಿನದು ಎಂದರೆ, ಮಾಂಸದ ಹಾಗೆ ಕಾಣುವುದೇ ಇಲ್ಲವಲ್ಲ ಎನ್ನುತ್ತಾಳೆ. ಇಲ್ಲಿಯ ಹುಡುಗಿಯರಂತೆ ಕಾಣಲೆಂದು ಅವನೊಂದು ಅಂಗಿಯನ್ನು ಉಡುಗೊರೆ ಕೊಡುತ್ತಾನೆ. ಆಕೆ ಅದನ್ನು ತೊಟ್ಟು ಬೀಳ್ಕೊಂಡು, ಬೀದಿಯ ತಿರುವಿನಲ್ಲಿ ಕಳಚಿ ಕಸದ ಡಬ್ಬಿಗೆ ಹಾಕಿ, ತನ್ನ ಉಡುಪಿನಲ್ಲಿ ಮುಂದೆ ಹೋಗುತ್ತಾಳೆ. ಸಭಾಂಗಣದಲ್ಲಿ ಆ ಸಂಜೆ ನಾನು ಮನಸಾರೆ ಚಪ್ಪಾಳೆ ತಟ್ಟಿದ ಸ್ಥಳ ಅದೊಂದೇ.

ಹೆಸರು ಬದಲಾಯಿಸಿಕೊಳ್ಳುವುದು ಹಂಗೇರಿಯವರಿಗೆ ಮಾತ್ರ ಗೊತ್ತಿರುವ ವಿದ್ಯೆಯೇ? ಊರಿನ ಸಿದ್ಧಲಿಂಗಪ್ಪನು ಬೆಂಗಳೂರಿನ ಕಚೇರಿಯಲ್ಲಿ ‘ಸಿಡ್’ ಆಗುವುದನ್ನು ನಾವು ಕಂಡಿಲ್ಲವೇ? ವಿದ್ಯಾರ್ಥಿನಿಲಯದ ಮೆಟ್ಟಿಲ ಮೇಲೆ ಸಂಜೆಯ ಹೊತ್ತು ನಿಂತು ಕೇಳಿದರೆ ಸಾಕು. ಹುಡುಗನೊಬ್ಬನಿಗೆ ಮನೆಯಿಂದ ಕರೆ ಬರುತ್ತದೆ, ಆ ಕಡೆಯಿಂದ ತಾಯಿ “ಉಂಡ್ಯಾ ಮಗಾ?” ಎಂದು ಕೇಳುವುದು ನಾಲ್ಕು ಮಾರು ದೂರಕ್ಕೆ ಕೇಳಿಸುತ್ತದೆ. ಈ ಕಡೆ ಮಗ ದನಿ ತಗ್ಗಿಸಿ, ಪಕ್ಕದಲ್ಲಿ ನಿಂತವರಿಗೆ ಊರು ತಿಳಿಯಬಾರದೆಂದು, ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ತಾಯಿಗೆ ಆ ಉತ್ತರದ ಅರ್ಧ ತಿಳಿಯುವುದಿಲ್ಲ. ಮಗ ಕಲಿತನಲ್ಲ ಎಂದು ಆಕೆ ಹಿಗ್ಗಿದರೂ ಹಿಗ್ಗಬಹುದು. ನಗರದಲ್ಲಿ ನಾಲ್ಕು ಜನರ ನಡುವೆ ಬದುಕಲು ನಗರದ ಮಾತು ಬೇಕು, ಇಂಗ್ಲಿಷೂ ಬೇಕು. ಅದನ್ನು ಅಲ್ಲಗಳೆಯುವ ಮೂರ್ಖತನ ನನಗಿಲ್ಲ. ಆದರೆ ವಿಲಿ ಇಂಗ್ಲಿಷು ಕಲಿತದ್ದಷ್ಟೇ ಅಲ್ಲ. ಅದರ ಜೊತೆಗೆ ಇನ್ನೊಂದನ್ನು ಒರಸಿಹಾಕಿದ್ದಾನೆ. ಕಳಚಿಕೊಳ್ಳುವುದು ಅವನಿಗೆ ಬಂದಿದೆ, ತೊಟ್ಟುಕೊಳ್ಳಲು ಏನೂ ಸಿಕ್ಕಿಲ್ಲ. ಆ ಕೊಠಡಿಯ ಬರಿದಾದ ಗೋಡೆಗಳನ್ನು ನೋಡಿದಾಗ ನನಗೆ ಹೊಳೆದದ್ದು ಇದು.

ಗುಳೆ ಹೋಗುವವರೂ ಹಾದಿಯವರೇ. ಅವರಿಗೂ ಸ್ವಂತದ ಕೋಣೆಯಿಲ್ಲ, ತಗಡಿನ ಗುಡಿಸಿಲು. ಇಂದು ಈ ಕಟ್ಟಡ, ನಾಳೆ ಆ ಕಟ್ಟಡ. ಆದರೂ ಅವರನ್ನು ಅಲೆಮಾರಿಗಳೆಂದು ನಾನು ಕರೆಯಲಾರೆ. ಕಾರಹುಣ್ಣಿಮೆ ಹತ್ತಿರವಾದಂತೆ, ಮೋಡ ಕಟ್ಟುವ ಸುದ್ದಿ ಊರಿನಿಂದ ಬಂದಂತೆ, ಆ ಗುಡಿಸಿಲುಗಳಲ್ಲಿ ಗಂಟು ಕಟ್ಟುವ ಸಡಗರ ಹುಟ್ಟುತ್ತದೆ. ಮರಳಿ ಬಂದು ಬಾಗಿಲು ತೆಗೆದರೆ ಒಳಗೆ ಇಲಿಗಳ ಸಂಸಾರವಿರಬಹುದು. ಬಾಗಿಲು ಮಾತ್ರ ಅವರದೇ. ಗೊತ್ತುಗುರಿಯಿಲ್ಲದೆ ತಿರುಗುವವನು ಮನೆಯನ್ನು ಬಿಟ್ಟು ಹೊರಟವನಲ್ಲ, ಮರಳುವುದಕ್ಕೆ ಇದ್ದ ಮನೆಯನ್ನು ತಾನೇ ಅಳಿಸಿಕೊಂಡವನು ಎಂಬುದು ಈ ಚಿತ್ರದಿಂದ ನನಗೆ ಹುಟ್ಟಿದ ಅಭಿಪ್ರಾಯ. ವಿಲಿಗೂ ಎಡ್ಡಿಗೂ ಇರುವ ವ್ಯತ್ಯಾಸ ಇದರಿಂದಲೇ ತಿಳಿಯುತ್ತದೆ. ಎಡ್ಡಿ ಸ್ವಭಾವದಿಂದಲೇ ಹಗುರವಾದ ಮನುಷ್ಯ, ಎಲ್ಲಿದ್ದರೂ ನಗುತ್ತಿರುತ್ತಾನೆ. ವಿಲಿ ಮಾತ್ರ ಎಲ್ಲಿ ಕುಳಿತರೂ ಮುಳ್ಳಿನ ಮೇಲೆ ಕುಳಿತಂತಿರುತ್ತಾನೆ.

ಲಾಟೆ ಅತ್ತೆಯನ್ನು ವಿಮರ್ಶಕರು ಹಾಸ್ಯಪಾತ್ರವೆಂದು ಎರಡು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣದು. ನಿಜ, ಆಕೆ ನಗಿಸುತ್ತಾಳೆ. ಬಂದ ಹುಡುಗರಿಗೆ ಗೂಲಾಶ್ ಬಡಿಸಿ, ಇಸ್ಪೀಟಿಗೆ ಕೂರಿಸಿ, ಪ್ರತಿ ಆಟವನ್ನೂ ಗೆದ್ದು, ಗೆದ್ದವಳು ನಾನು ಎಂದು ಸಾರುತ್ತಾಳೆ. ನ್ಯೂಯಾರ್ಕಿನ ಮೋಸಗಾರರ ಕೈಚಳಕ ಈ ಮುದುಕಿಯ ಮುಂದೆ ನಡೆಯುವುದಿಲ್ಲ. ಆದರೆ ಈ ಇಡೀ ಚಿತ್ರದಲ್ಲಿ ಒಲೆ ಹೊತ್ತಿಸಿ ಅಡುಗೆ ಮಾಡಿ ಇನ್ನೊಬ್ಬರಿಗೆ ಬಡಿಸುವವಳು ಆಕೆಯೊಬ್ಬಳೇ. ತನ್ನ ಮನೆಯೊಳಗೆ ತನ್ನ ಭಾಷೆಯನ್ನೇ ಆಡುತ್ತಾಳೆ. ಯಾರಿಗೆ ತಿಳಿಯಲಿ ಬಿಡಲಿ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಕ್ಲೀವ್‌ಲೆಂಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಹಂಗೇರಿಯವರು ಬಂದು ನೆಲೆಸಿದ ಊರು. ಉಕ್ಕಿನ ಕಾರ್ಖಾನೆಗಳ ಕೆಲಸಕ್ಕೆಂದು ಬಂದು, ತಮ್ಮ ಚರ್ಚುಗಳನ್ನೂ ಅಂಗಡಿಗಳನ್ನೂ ಪತ್ರಿಕೆಗಳನ್ನೂ ಕಟ್ಟಿಕೊಂಡು ಬಾಳಿದವರು. ಲಾಟೆಯ ಮನೆಯ ಹಿಂದೆ ಆ ದೊಡ್ಡ ಗುಳೆಯ ಇತಿಹಾಸವಿದೆ. ಚಿತ್ರವು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಈ ಪಾತ್ರವನ್ನು ಮಾಡಿದ ಸೆಸೀಲಿಯಾ ಸ್ಟಾರ್ಕ್ ಎಂಬಾಕೆ ಕ್ಯಾಮೆರಾ ತನ್ನ ಮುಂದೆ ಇದೆಯೆಂಬುದನ್ನೇ ಮರೆತಂತಿದ್ದಾಳೆ.

ಈವಾ ಪಾತ್ರದ ಎಸ್ತರ್ ಬಾಲಿಂಟ್ ನಿಜವಾಗಿಯೂ ಬುಡಾಪೆಸ್ಟಿನಲ್ಲಿ 1966ರಲ್ಲಿ ಹುಟ್ಟಿದವಳು. ಆಕೆಯ ತಂದೆ ಮತ್ತು ಸಂಗಡಿಗರ ‘ಸ್ಕ್ವಾಟ್ ಥಿಯೇಟರ್’ ಎಂಬ ನಾಟಕ ತಂಡಕ್ಕೆ ಅಲ್ಲಿನ ಆಡಳಿತದ ಕಾಲದಲ್ಲಿ ಬಾಳುವೆ ಅಸಾಧ್ಯವಾಗಿ, ಅವರೆಲ್ಲ 1977ರಲ್ಲಿ ನ್ಯೂಯಾರ್ಕಿಗೆ ಬಂದರು. ಹೀಗಾಗಿ, ಚೀಲವನ್ನೂ ಟೇಪ್ ರಿಕಾರ್ಡರನ್ನೂ ಹಿಡಿದು ಪಾಳುಬಿದ್ದ ಬೀದಿಗಳಲ್ಲಿ ಈವಾ ನಡೆದು ಬರುವ ಆ ಮೊದಲ ನಡಿಗೆಯಲ್ಲಿ ನಟನೆ ಎಷ್ಟು, ನೆನಪು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಈವಾ ಸಾಧ್ವಿಯೇನೂ ಅಲ್ಲ. ಅಂಗಡಿಯಿಂದ ಸಾಮಾನು ಕದ್ದು ತರುತ್ತಾಳೆ, ಅದರಿಂದಲೇ ವಿಲಿಯ ಮೆಚ್ಚಿಗೆಯನ್ನೂ ಗಳಿಸುತ್ತಾಳೆ. ಆದರೆ ಆಕೆಗೆ ತನಗೆ ಇಷ್ಟವಾದದ್ದು ಯಾವುದೆಂದು ತಿಳಿದಿದೆ. ಸ್ಕ್ರೀಮಿನ್ ಜೇ ಹಾಕಿನ್ಸ್ ಎಂಬ ಗಾಯಕನ 1956ರ ಹಾಡೊಂದು ಅವಳಿಗೆ ಇಷ್ಟ. ವಿಲಿ ಬೇಡವೆಂದರೂ ಅದನ್ನೇ ಹಾಕುತ್ತಾಳೆ. ಕ್ಲೀವ್‌ಲೆಂಡಿನಲ್ಲಿ ಹಾಟ್‌ಡಾಗ್ ಅಂಗಡಿಯಲ್ಲಿ ದುಡಿಯುವವಳೂ ಮೂವರಲ್ಲಿ ಇವಳೊಬ್ಬಳೇ.

ಚಿತ್ರದ ಮೇಲೆ ನನ್ನ ದೂರೊಂದಿದೆ, ಅದನ್ನೂ ಮುಚ್ಚಿಡಬಾರದು. ಫ್ಲೋರಿಡಾದಲ್ಲಿ ಗಂಡಸರಿಬ್ಬರೂ ಜೂಜಿಗೆ ಹೋಗುವಾಗ ಈವಾಳನ್ನು ಮೋಟೆಲಿನಲ್ಲಿ ಬಿಟ್ಟು ಹೋಗುತ್ತಾರೆ. ಸ್ವರ್ಗವನ್ನು ನೋಡಬೇಕೆಂದು ಬಂದವಳು ಗಾಳಿ ಬೀಸುವ ಬರಿದಾದ ಕಡಲ ದಂಡೆಯಲ್ಲಿ ಒಬ್ಬಳೇ ನಡೆಯುತ್ತಾಳೆ. ಅಲ್ಲಿ ಅವಳ ಟೋಪಿಯನ್ನು ಕಂಡು, ಬೇರೆ ಯಾರೆಂದೋ ಭ್ರಮಿಸಿ, ಕಳ್ಳವ್ಯವಹಾರದವನೊಬ್ಬ ನೋಟಿನ ಕಟ್ಟುಳ್ಳ ಲಕೋಟೆಯನ್ನು ಅವಳ ಕೈಗಿಟ್ಟು ಹೋಗುತ್ತಾನೆ. ಇಷ್ಟು ಹೊತ್ತು ಒಂದೊಂದು ಡಾಲರನ್ನೂ ಎಣಿಸುತ್ತ ಬಂದ ಚಿತ್ರವು ಇಲ್ಲಿ ಕೈಯೆತ್ತಿ ದಾನ ಮಾಡಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಬಡವರ ಕೈಗೆ ಲಕೋಟೆಗಳು ಹೀಗೆ ಬಂದು ಬೀಳುವುದಿಲ್ಲ. ಕಥೆಯನ್ನು ಮುಗಿಸುವುದಕ್ಕೆ ಒಂದು ವಿಮಾನದ ಟಿಕೇಟು ಬೇಕಾಗಿತ್ತು, ಅದಕ್ಕೆ ಹಣ ಬೇಕಾಗಿತ್ತು. ಇದಿಷ್ಟೇ ಅದರ ಕಾರಣವೆಂದು ತೋರುತ್ತದೆ.

ಕನ್ನಡದಲ್ಲಿ ಇಂಥ ಅಲೆದಾಟದ ಚಿತ್ರ ಇಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. 1970ರ ‘ಸಂಸ್ಕಾರ’ವನ್ನು ನಾನು ನೆನೆಯುತ್ತೇನೆ. ಅದೂ ಕಪ್ಪು ಬಿಳುಪು, ಅದೂ ಅಲ್ಪ ಹಣದಲ್ಲಿ ಪಟ್ಟಾಭಿರಾಮ ರೆಡ್ಡಿಯವರು ತೆಗೆದದ್ದು. ಅದರಲ್ಲಿ ಪ್ರಾಣೇಶಾಚಾರ್ಯರು ಅಗ್ರಹಾರವನ್ನು ಬಿಟ್ಟು, ತಾವು ಯಾರೆ
ಂದು ಹೇಳಿಕೊಳ್ಳಲಾರದೆ ಹಾದಿ ನಡೆಯುತ್ತಾರೆ. ಬೆನ್ನುಬಿಡದ ಪುಟ್ಟನು ಎಡ್ಡಿಯ ಹಾಗೆಯೇ ಮಾತಾಡುತ್ತ ಜೊತೆಗೆ ನಡೆಯುತ್ತಾನೆ. ಆದರೆ ಆಚಾರ್ಯರನ್ನು ಸುಡುವ ಪ್ರಶ್ನೆಯೊಂದು ಇದೆ. ವಿಲಿಗೆ ಆ ಪ್ರಶ್ನೆ ಇನ್ನೂ ಬಂದು ತಟ್ಟಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸಲ್ಲದು.

ಕೊನೆಯ ಹತ್ತು ನಿಮಿಷಗಳನ್ನು ನೋಡದೆ ಎದ್ದುಹೋದವರಿಗಾಗಿ ಅದನ್ನಿಷ್ಟು ಹೇಳುತ್ತೇನೆ. ಈವಾ ಹಣದಲ್ಲಿ ಒಂದು ಪಾಲನ್ನು ಅವರಿಗಾಗಿ ಇಟ್ಟು, ಚೀಟಿ ಬರೆದು ವಿಮಾನ ನಿಲ್ದಾಣಕ್ಕೆ ಹೋಗುತ್ತಾಳೆ. ಯೂರೋಪಿಗೆ ಆ ದಿನ ಉಳಿದಿರುವ ವಿಮಾನ ಒಂದೇ, ಅದು ಬುಡಾಪೆಸ್ಟಿಗೆ. ಆಕೆ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ಚೀಟಿಯನ್ನು ಕಂಡ ಇಬ್ಬರೂ ಓಡಿ ಬರುತ್ತಾರೆ. ಅವಳು ಹತ್ತಿಬಿಟ್ಟಳೆಂದು ತಿಳಿದ ವಿಲಿ, ಒಳಗೆ ಹೋಗಿ ಇಳಿಸಿಕೊಂಡು ಬರುತ್ತೇನೆಂದು ತಾನೇ ಒಂದು ಟಿಕೇಟು ಕೊಳ್ಳುತ್ತಾನೆ. ವಿಮಾನ ಅವನನ್ನು ಹೊತ್ತುಕೊಂಡು ಹಾರಿಹೋಗುತ್ತದೆ. ಈವಾ ಅದರಲ್ಲಿಲ್ಲ, ಆಕೆ ಮೋಟೆಲಿನ ಖಾಲಿ ಕೋಣೆಗೆ ಮರಳಿದ್ದಾಳೆ. 1984ರಲ್ಲಿ ಬುಡಾಪೆಸ್ಟು ಇನ್ನೂ ಸೋವಿಯತ್ ಕೂಟದ ನಗರ. 1989ರ ತನಕ ಅಲ್ಲಿನ ಆಡಳಿತ ಬದಲಾಗಲಿಲ್ಲ. ಹೋಗಿಬರುವುದು ಇಂದಿನಷ್ಟು ಸುಲಭದ ಮಾತಾಗಿರಲಿಲ್ಲ.

ಸಭಾಂಗಣದಲ್ಲಿ ಉಳಿದಿದ್ದವರು ಇಲ್ಲಿ ನಕ್ಕರು, ನಾನೂ ನಕ್ಕೆ. ಹತ್ತು ವರ್ಷ ಬಾಯಿ ಬಿಡದೆ ಮುಚ್ಚಿಟ್ಟ ಊರಿಗೆ ವಿಲಿ ಕೈಚೀಲವೂ ಇಲ್ಲದೆ ಹೋಗುತ್ತಿದ್ದಾನೆ. ಇಳಿದ ಮೇಲೆ ಅಲ್ಲಿಯ ಅಧಿಕಾರಿ ಅವನ ಹೆಸರನ್ನು ಕೇಳುತ್ತಾನೆ. ಯಾವ ಹೆಸರನ್ನು ಹೇಳುತ್ತಾನೋ, ಯಾವ ಭಾಷೆಯಲ್ಲಿ ಹೇಳುತ್ತಾನೋ, ಚಿತ್ರ ಅಲ್ಲಿಯ ತನಕ ಹೋಗುವುದಿಲ್ಲ. ಕೆಳಗೆ ನಿಂತ ಎಡ್ಡಿ ಮೇಲೆ ನೋಡಿ, ಬುಡಾಪೆಸ್ಟಿನಲ್ಲಿ ಏನು ಮಾಡುತ್ತೀಯೋ ಮಾರಾಯ ಎಂಬಂತೆ ಗೊಣಗಿಕೊಂಡು ಕಾರಿನ ಕಡೆಗೆ ತಿರುಗುತ್ತಾನೆ. ಅದು ಎರವಲು ತಂದ ಕಾರು. ಇನ್ನು ನ್ಯೂಯಾರ್ಕಿನ ತನಕ ಅವನೊಬ್ಬನೇ ನಡೆಸಿಕೊಂಡು ಹೋಗಿ ಒಪ್ಪಿಸಬೇಕು.